ಶಾಲು ಬೇಡ, ಮೊಟ್ಟೆ ಕೊಡಿ

ಕಷ್ಟ ಮನುಷ್ಯನನ್ನು ಗಟ್ಟಿ ಮಾಡುತ್ತೆ ಅಂತ ದಿನಾ ಬೆಳಗ್ಗೆ ವಾಟ್ಸಾಪ್‌ನಲ್ಲಿ ಬರುತ್ತೆ, ಹಿಂದೆ ಸೂರ್ಯೋದಯದ ಫೋಟೊ ಬೇರೆ. ನನಗೆ ಈ ಮಾತಿನ ಮೇಲೆ ಅಷ್ಟು ನಂಬಿಕೆ ಇಲ್ಲ. ನಾನು ಕಂಡ ಹಾಗೆ ಕಷ್ಟ ಎಷ್ಟೋ ಜನರನ್ನು ಸಾಲಕ್ಕೆ ಹಾಕುತ್ತೆ, ಸಿಡುಕು ಸ್ವಭಾವ ಕೊಡುತ್ತೆ, ಅಷ್ಟೇ. ಆದರೂ ಕಷ್ಟದಿಂದ ಎದ್ದು ಬಂದ ಕೆಲವರು ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತಾರಲ್ಲ, ಅವರನ್ನು ನೋಡಿದಾಗ ಅನ್ನಿಸುತ್ತೆ, ಇವರ ಕೈಯಲ್ಲಿ ಏನೋ ಇದೆ, ಅದು ಡಾಕ್ಟರ್ ಹತ್ತಿರವೂ ಇಲ್ಲ ಅಂತ.

ನಮ್ಮ ದಾವಣಗೆರೆಯಲ್ಲಿ ಮಂಡಕ್ಕಿ (ಪುರಿ) ಹುರಿಯುವ ಭಟ್ಟಿ ಅಂದರೆ ಎಲ್ಲರಿಗೂ ಗೊತ್ತು. ಸಂಜೆ ಮಂಡಕ್ಕಿ ಮಿರ್ಚಿ ತಿನ್ನುವ ನಾವು ಆ ಕಡೆ ಹೋಗೋದು ಕಮ್ಮಿ. ಕಾದ ಮರಳು, ಹೊಗೆ, ದೂಳು. ಅಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಅಕ್ಕ ನನಗೆ ಪರಿಚಯ. ಹೆಸರು ಹಾಕಬೇಡ ಅಂದಿದ್ದಾರೆ, ಮಗಳಿಗೆ ಗಂಡು ನೋಡುತ್ತಿದ್ದಾರಂತೆ. ಅವರಿಗೆ ಕೆಮ್ಮು ಶುರುವಾದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಭಟ್ಟಿಯಲ್ಲಿ ಕೆಮ್ಮದವರು ಯಾರಿದ್ದಾರೆ ಹೇಳಿ? ಮೆಡಿಕಲ್ ಶಾಪಿನಿಂದ ಸಿರಪ್ ತಂದು ಕುಡಿದರು. ಸೀರೆ ಕುಪ್ಪಸ ಸಡಿಲ ಆಗತೊಡಗಿದವು, ಸಂಜೆ ಆದರೆ ಮೈ ಬೆಚ್ಚಗೆ. ಕೊನೆಗೆ ಆಶಾ ಕಾರ್ಯಕರ್ತೆ ಜಗಳ ಮಾಡಿ ಕರೆದುಕೊಂಡು ಹೋಗಿ ಕಫ ಪರೀಕ್ಷೆ ಮಾಡಿಸಿದರು. ಟಿಬಿ.

ಸಾಮಾನ್ಯ ಟಿಬಿಗೆ 6 ತಿಂಗಳ ಚಿಕಿತ್ಸೆ. ಮೊದಲ 2 ತಿಂಗಳು ನಾಲ್ಕು ಔಷಧಿ, ಆಮೇಲಿನ 4 ತಿಂಗಳು ಮೂರು. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ತೂಕ ನೋಡಿ ದಿನಕ್ಕೆ ಎಷ್ಟು ಮಾತ್ರೆ ಅಂತ ಲೆಕ್ಕ ಹಾಕಿ ಕೊಡುತ್ತಾರೆ. ಇದೆಲ್ಲ ಪೋಸ್ಟರ್‌ನಲ್ಲೂ ಇರುತ್ತೆ. ಆದರೆ ಮೊದಲ ಮಾತ್ರೆ ನುಂಗಿದ ದಿನ ಮೂತ್ರ ಕೇಸರಿ ಕೆಂಪು ಬಣ್ಣಕ್ಕೆ ತಿರುಗಿದ್ದನ್ನು ನೋಡಿ ಈ ಅಕ್ಕ ರಕ್ತವೇ ಹೋಗ್ತಿದೆ ಅಂದುಕೊಂಡು ರಾತ್ರಿಯೆಲ್ಲ ಅತ್ತಿದ್ದರು. ರಿಫಾಂಪಿಸಿನ್ ಅನ್ನೋ ಔಷಧಿಯಿಂದ ಹಾಗಾಗುತ್ತೆ, ಹೆದರುವಂಥದ್ದೇನಿಲ್ಲ. ಹೇಳಿದ್ದರೂ ಇರಬಹುದು, ಆಸ್ಪತ್ರೆಯ ಗದ್ದಲದಲ್ಲಿ ಟಿಬಿ ಅನ್ನೋ ಮಾತು ಕಿವಿಗೆ ಬಿದ್ದ ಮೇಲೆ ಬೇರೆ ಏನು ತಲೆಗೆ ಹೋಗುತ್ತೆ?

ಎರಡನೇ ತಿಂಗಳಿಗೆ ಕೆಮ್ಮು ನಿಂತಿತು, ಹಸಿವು ಬಂತು. ಗುಣ ಆಯ್ತಲ್ಲ ಅಂತ ಮಾತ್ರೆ ಬಿಟ್ಟರು. ಎಲ್ಲರೂ ಎಡವೋದು ಇಲ್ಲೇ. ಒಳಗೆ ಉಳಿದ ರೋಗಾಣು ಮತ್ತೆ ಎದ್ದಿತು. ಅವರ ಪುಣ್ಯಕ್ಕೆ ಮಾತ್ರೆಗೆ ಬಗ್ಗದ ಟಿಬಿ ಆಗಲಿಲ್ಲ, ಮತ್ತೆ ಮೊದಲಿನಿಂದ ಶುರು ಮಾಡಿ ಮುಗಿಸಿದರು. ಅಷ್ಟರಲ್ಲಿ ಮನೆಯಲ್ಲಿ ಅವರ ತಟ್ಟೆ ಲೋಟ ಬೇರೆ ಇಟ್ಟಾಗಿತ್ತು. ಟಿಬಿ ಹರಡೋದು ಕೆಮ್ಮಿದಾಗ ಗಾಳಿಯಿಂದ, ತಟ್ಟೆಯಿಂದಲ್ಲ. ಮಾತ್ರೆ ತಪ್ಪದೆ ತಗೊಂಡರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಹರಡುವುದೂ ನಿಲ್ಲುತ್ತೆ. ಅತ್ತೆಗೆ ಇದನ್ನು ಯಾರು ಹೇಳಬೇಕು?

ಈಗ ಹೇಳೋದು ಇವರೇ. ಟಿಬಿ ಬಂದ ಸೊಸೆ ಇರುವ ಮನೆಗೆ ಹೋದರೆ ಮೊದಲು ಅವಳ ಹತ್ತಿರ ಮಾತಾಡಲ್ಲ, ಅತ್ತೆ ಹತ್ತಿರ ಕೂತು ಎಲೆ ಅಡಿಕೆ ಹಾಕಿಕೊಂಡು, 'ನೋಡ್ರಿ ಅವ್ವ, ನನಗೂ ಇದೇ ಆಗಿತ್ತು, ಈಗ ನನ್ನ ಮೈ ನೋಡ್ರಿ' ಅಂತ ಶುರು ಮಾಡುತ್ತಾರೆ. ಮೂತ್ರದ ಬಣ್ಣದ ವಿಷಯ ಮೊದಲ ದಿನವೇ ಹೇಳಿಬಿಡುತ್ತಾರೆ. ಎರಡನೇ ತಿಂಗಳಲ್ಲಿ ಅವರ ಭೇಟಿ ಜಾಸ್ತಿ ಆಗುತ್ತೆ, ಯಾಕೆ ಅಂತ ನಿಮಗೆ ಗೊತ್ತಾಗಿರಬೇಕು. ಹೀಗೆ ಗುಣವಾಗಿ ಬೇರೆ ರೋಗಿಗಳಿಗೆ ನೆರವಾಗುವವರನ್ನು ಸರ್ಕಾರದವರು ಟಿಬಿ ಚಾಂಪಿಯನ್ ಅಂತ ಕರೆಯುತ್ತಾರೆ. ಅಕ್ಕನಿಗೆ ಆ ಹೆಸರು ಕೇಳಿದರೆ ನಗು. ಕಬಡ್ಡಿ ಆಡಿದೀನೇನು ಅಂತಾರೆ.

ಇದನ್ನು ಬರೆಯುವಾಗ ಜೋಗತಿ ಕುಣಿತದ ಕಲಾವಿದೆ ಮಂಜಮ್ಮ ಜೋಗತಿ ನೆನಪಾಗುತ್ತಾರೆ, ಅವರ ಬದುಕಿಗೆ ನಮ್ಮೂರಿನ ನಂಟು ಇದೆ. ಮನೆ ಬಿಟ್ಟು ಭಿಕ್ಷೆ ಬೇಡುತ್ತಿದ್ದ ದಿನಗಳಲ್ಲಿ, ಸಾಯಬೇಕು ಅನ್ನಿಸಿದ್ದ ಕಾಲದಲ್ಲಿ, ದಾವಣಗೆರೆ ಬಸ್ ನಿಲ್ದಾಣದ ಹತ್ತಿರ ತಂದೆ ಹಾಡುವುದನ್ನೂ ಮಗ ತಲೆ ಮೇಲೆ ಕೊಡ ಹೊತ್ತು ಕುಣಿಯುವುದನ್ನೂ ಅವರು ನೋಡಿದರು. ಆ ಕುಣಿತ ಕಲಿತರು. ಆಮೇಲೆ ಕಾಳವ್ವ ಜೋಗತಿಯ ತಂಡ ಸೇರಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷರಾದರು, ಆ ಕುರ್ಚಿಯಲ್ಲಿ ಕೂತ ಮೊದಲ ಲಿಂಗತ್ವ ಅಲ್ಪಸಂಖ್ಯಾತೆ. 2021ರಲ್ಲಿ ಪದ್ಮಶ್ರೀ. ಎಲ್ಲರೂ ಹೇಳೋದು ಅವರ ನೋವಿನ ಕಥೆ. ನನಗೆ ಆ ತಂದೆ ಮಗ ಮುಖ್ಯ ಅನ್ನಿಸುತ್ತೆ. ಸಾಯೋಕೆ ಹೊರಟಿದ್ದವರಿಗೆ ಕೈಗೊಂದು ಕೆಲಸ ಸಿಕ್ಕಿದ್ದು ಅಲ್ಲಿ. ಬರೀ ನೋವೇ ಸಾಕಾಗಿದ್ದರೆ ನಮ್ಮ ಬಸ್ ನಿಲ್ದಾಣದಿಂದ ಎಷ್ಟು ಜನ ಪದ್ಮಶ್ರೀಗಳು ಬರಬೇಕಿತ್ತು, ಅಲ್ವಾ?

ಅಕ್ಕನಿಗೂ ಹಾಗೇ ಆಯಿತು. ಚಿಕಿತ್ಸೆ ಮುಗಿದ ಮೇಲೆ ಭಟ್ಟಿಗೆ ಹೋಗಲು ಆಗಲಿಲ್ಲ, ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುವ ಹಾಗಿತ್ತು. ಅದೇ ಆಶಾ ಕಾರ್ಯಕರ್ತೆ 'ಬಾ ಅಕ್ಕ, ಈ ಓಣಿಯಲ್ಲಿ ಒಬ್ಬಳು ಮಾತ್ರೆ ನುಂಗಲ್ಲ ಅಂತಾಳೆ, ನೀನು ಮಾತಾಡು' ಅಂತ ಕರೆದರು. ಸೇವೆ ಮಾಡಬೇಕು ಅಂತ ಎದ್ದು ಹೋದದ್ದೇನಲ್ಲ. ಯಾರೋ ಕರೆದರು, ಹೋದರು, ಆ ಹುಡುಗಿ ಮಾತ್ರೆ ನುಂಗಿದಳು.

ಇನ್ನೊಂದು ವಿಷಯ ಹೇಳಲೇಬೇಕು. ಇಂಥವರನ್ನು ಹೊಗಳಲು ನಮ್ಮೂರಲ್ಲಿ ಜನ ತುಂಬಾ ಇದ್ದಾರೆ, ಆಟೊ ಚಾರ್ಜ್ ಕೊಡಲು ಕಮ್ಮಿ. ಯಾವುದೋ ಕಾರ್ಯಕ್ರಮದಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡುತ್ತೇವೆ ಅಂತ ಕರೆದಿದ್ದರು. ಅಕ್ಕ ನೇರವಾಗಿ ಹೇಳಿದರು, 'ಶಾಲು ಬೇಡ್ರಿ, ನನ್ನ ಕಡೆ ಇರೋ ಪೇಷಂಟ್‌ಗಳಿಗೆ ಮೊಟ್ಟೆ ಕೊಡಿ.' ತಮಾಷೆ ಅಂದುಕೊಂಡು ಎಲ್ಲರೂ ನಕ್ಕರಂತೆ. ತಮಾಷೆ ಏನಿಲ್ಲ. ಮಾತ್ರೆ ಜೊತೆ ಹೊಟ್ಟೆಗೆ ಸರಿಯಾಗಿ ಬೀಳದಿದ್ದರೆ ವಾಂತಿ ಬಂದ ಹಾಗಾಗುತ್ತೆ, ತೂಕ ಏರಲ್ಲ, ಮಾತ್ರೆ ಬಿಡೋಕೆ ಅದೇ ನೆಪ ಆಗುತ್ತೆ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಚಿಕಿತ್ಸೆ ನಡೆಯುವಷ್ಟು ದಿನ ಬ್ಯಾಂಕ್ ಖಾತೆಗೆ ದುಡ್ಡು ಬರುತ್ತೆ, ಮೊದಲು ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1000 ಆಗಿದೆ. ಈಗಿನ ಬೆಲೆಯಲ್ಲಿ ಅದು ಎಷ್ಟು ದಿನ ಬರುತ್ತೆ ಅಂತ ಸಂತೆಗೆ ಹೋಗುವವರಿಗೆ ಗೊತ್ತು.

2022ರಲ್ಲಿ ನಿಕ್ಷಯ್ ಮಿತ್ರ ಅಂತ ಶುರು ಮಾಡಿದರು. ವ್ಯಕ್ತಿಯೋ ಸಂಸ್ಥೆಯೋ ರೋಗಿಯ ಹೊಣೆ ಹೊತ್ತು ಆಹಾರದ ಕಿಟ್ ಕೊಡಬಹುದು. ಒಳ್ಳೆ ಕೆಲಸ, ನಾನೂ ಗೆಳೆಯರಿಗೆ ಹೇಳಿ ಸೇರಿಸಿದ್ದೇನೆ. ಆದರೆ ಒಮ್ಮೆ ಕಿಟ್ ತಂದವರು ರೋಗಿಯನ್ನು ನಿಲ್ಲಿಸಿ ಫೋಟೊ ಬೇಕು ಅಂದರು. ಚೀಲದ ಮೇಲೆ ದಪ್ಪಗೆ ಟಿಬಿ ಅಂತ ಬೇರೆ ಬರೆದಿತ್ತು. ಆ ಹುಡುಗಿಗೆ ಮದುವೆ ಮಾತುಕತೆ ನಡೆದಿತ್ತು. ಅಕ್ಕ ಅವರಿಗೆ ಬೈಯಲಿಲ್ಲ, 'ಫೋಟೊ ಬೇಕಾದರೆ ನನ್ನದು ತಗೊಳ್ರಿ, ಮುಖ ಮಾತ್ರ ಬಿಟ್ಟು' ಅಂದು ಚೀಲ ಇಸಿದುಕೊಂಡರು. ಅವತ್ತಿನಿಂದ ಕಿಟ್‌ಗಳು ಅಕ್ಕನ ಮನೆಗೇ ಬರುತ್ತವೆ. ಬೇಳೆ, ಕಡಲೆಬೀಜ, ಹಾಲಿನ ಪುಡಿ ಎಲ್ಲ ಬಟ್ಟೆ ಅಂಗಡಿ ಕವರಿಗೆ ಸುರಿದುಕೊಂಡು, ಹಬ್ಬಕ್ಕೆ ಸೀರೆ ಕೊಡಲು ಹೊರಟವರ ಹಾಗೆ ಓಣಿಯಲ್ಲಿ ನಡೆದು ಹೋಗುತ್ತಾರೆ. ನಿಮ್ಮ ಮನೆಯಲ್ಲಿ ಒಳ್ಳೆ ಗಟ್ಟಿ ಕವರ್‌ಗಳಿದ್ದರೆ ಎಸೆಯಬೇಡಿ, ನನಗೆ ಹೇಳಿ. ತಂದು ಅಕ್ಕನಿಗೆ ಕೊಡುತ್ತೇನೆ.