ನನ್ನ ನಾಯಕ ಅಳುವುದೇಕೆ ಎಂದು ಕೇಳುವವರಿಗೆ

“ಎರಡನೆಯ ಜನ್ಮ ಸಿಕ್ಕ ಮೇಲೂ ನಿಮ್ಮ ನಾಯಕ ಅಳುವುದೇಕೆ?” ಮೈಸೂರಿನಲ್ಲಿ ನನ್ನ ಕಥೆಗಳನ್ನು ಓದಿದವರೆಲ್ಲ ಕೇಳುವ ಪ್ರಶ್ನೆಯಿದು, ಬಾಯಲ್ಲಿ ಉತ್ತರಿಸಿ ಸಾಕಾಗಿದೆ. ನಾನು ಬರೆಯುವುದು ಜಪಾನಿನಲ್ಲಿ ‘ಇಸೆಕಾಯ್’, ಎಂದರೆ ಬೇರೆ ಲೋಕ, ಎಂದು ಕರೆಯುವ ಬಗೆಯ ಕಲ್ಪನಾಕಥೆಗಳನ್ನು: ಲಾರಿಗೆ ಸಿಕ್ಕಿ ಸತ್ತವನು ಹಳೆಯ ನೆನಪುಗಳ ಸಮೇತ ಮಾಯಾವಿದ್ಯೆಯ ರಾಜ್ಯವೊಂದರಲ್ಲಿ ಮಗುವಾಗಿ ಹುಟ್ಟುತ್ತಾನೆ. ‘ಸಿಕ್ಕ ಮೇಲೂ’ ಎಂಬ ಮಾತೇ ನನಗೆ ಸಿಟ್ಟು ತರಿಸುತ್ತದೆ. ಅವನು ಯಾರನ್ನು ಬಿಟ್ಟುಬಂದನೆಂದು ಒಬ್ಬರೂ ಕೇಳಿಲ್ಲ.

ಕಳೆದ ಮಹಾಲಯ ಅಮಾವಾಸ್ಯೆಯ ದಿನ ಮಂಡ್ಯದಲ್ಲಿ ನನ್ನ ಸೋದರಮಾವನೂ ಇದನ್ನೇ ಕೇಳಿದರು. “ಅಲ್ಲ ಕಣವ್ವ, ರಾಜನ ಮನೇಲಿ ಹುಟ್ಟವ್ನೆ, ಇನ್ನೂ ಯಾಕವ್ವ ಅಳ್ತಾನೆ?” ಹಾಗೆ ಕೇಳುತ್ತಲೇ ಅವರು ತೀರಿಕೊಂಡ ತಮ್ಮನ ಫೋಟೋದ ಮುಂದೆ ಎಡೆ ಇಡುತ್ತಿದ್ದರು, ಕಜ್ಜಾಯದ ಪಕ್ಕದಲ್ಲಿ, ತಮ್ಮನಿಗೆ ಇಷ್ಟವೆಂದು, ಒಂದು ಕಟ್ಟು ಬೀಡಿಯನ್ನೂ ಇಟ್ಟರು. ಮಾವ, ನಿಮ್ಮ ದುಃಖಕ್ಕೆ ಒಂದು ಫೋಟೋ ಇದೆ, ವರ್ಷಕ್ಕೊಂದು ದಿನವಿದೆ, ಜೊತೆಗೆ ಕುಳಿತು ಉಣ್ಣುವ ನೆಂಟರಿದ್ದಾರೆ. ನನ್ನ ನಾಯಕನ ಅಮ್ಮ ಸತ್ತಿಲ್ಲವಾದ್ದರಿಂದ ಅವನು ಎಡೆ ಇಡುವಂತಿಲ್ಲ. ಬದುಕಿದ್ದರೂ ಅವಳಲ್ಲಿಗೆ ಹೋಗುವ ದಾರಿಯಿಲ್ಲ. ಆ ಲೋಕದಲ್ಲಿ ಅವಳ ಹೆಸರು ಬಲ್ಲವನು ಅವನೊಬ್ಬನೇ.

ಇದನ್ನು ಜಪಾನಿನಿಂದ ಬಂದ ಹೊಸ ಗೀಳು ಎನ್ನುವವರು ಪಂಪನನ್ನು ಓದಲಿ. ಕ್ರಿ.ಶ. 941ರ ‘ಆದಿಪುರಾಣ’ದಲ್ಲಿ ಚಕ್ರವರ್ತಿಯ ಮಗಳು ಶ್ರೀಮತಿಗೆ ಆಕಾಶದಲ್ಲಿ ಬರುತ್ತಿದ್ದ ದೇವತೆಗಳನ್ನು ಕಂಡೊಡನೆ ಜಾತಿಸ್ಮರಣೆ, ಎಂದರೆ ಹಿಂದಿನ ಜನ್ಮದ ನೆನಪು, ಆಗಿ, ಆ ಜನ್ಮದ ಪತಿ ಲಲಿತಾಂಗ ನೆನಪಾಗಿ ಮೂರ್ಛೆ ಬರುತ್ತದೆ. ಅರಮನೆಯಲ್ಲಿ ಅವಳಿಗೆ ಯಾವ ಕೊರತೆಯಿತ್ತು? ಆದರೂ ಆ ಜನ್ಮವನ್ನು ಪಟದಲ್ಲಿ ಚಿತ್ರಿಸಿ, ಗುರುತಿಸುವವನು ಎಲ್ಲಾದರೂ ಇದ್ದಾನೆಂದು ದಾದಿ ಪಂಡಿತೆಯ ಕೈಯಲ್ಲಿ ಕೊಟ್ಟು ಕಳುಹಿಸುತ್ತಾಳೆ. ಅವಳ ಪುಣ್ಯ, ವಜ್ರಜಂಘನಾಗಿ ಹುಟ್ಟಿದ್ದ ಲಲಿತಾಂಗನೇ ಅದನ್ನು ಗುರುತಿಸಿದ. ನನ್ನ ನಾಯಕ ಪಟ ಬರೆದರೆ ನೋಡಿ ಗುರುತಿಸುವವರು ಯಾರೂ ಇಲ್ಲ.

ಅದಕ್ಕಿಂತ ಅವನ ಹೊಸ ತಾಯಿಯ ಪಾಡೇನೆಂದು ಯಾರಾದರೂ ಕೇಳಬಾರದೇ? ಹೆತ್ತು ಹಾಲೂಡಿಸುವ ಆಕೆಯನ್ನು ತೊಟ್ಟಿಲಿನಿಂದ ನೋಡುತ್ತಿರುವುದು ನಲವತ್ತು ವರ್ಷದವನ ಕಣ್ಣು. ಆಕೆಯ ಪ್ರತಿಯೊಂದು ಮುದ್ದನ್ನೂ ಅದು ಇನ್ನೊಬ್ಬಳ ಮುದ್ದಿನ ಜೊತೆ ಹೋಲಿಸುತ್ತಿರುತ್ತದೆ. ನನ್ನ ಕಥೆಯಲ್ಲಿ ನಾಲ್ಕು ವರ್ಷ ತುಂಬುವವರೆಗೂ ಅವನು ಆಕೆಯನ್ನು ಅಮ್ಮ ಎಂದು ಕರೆಯುವುದಿಲ್ಲ. ಮಗು ಮೂಕವೆಂದು ತಿಳಿದ ಆಕೆ ಕಂಡ ಕಂಡ ದೇವರಿಗೆಲ್ಲ ಹರಕೆ ಹೊರುತ್ತಾಳೆ. ಕೊನೆಗೊಂದು ರಾತ್ರಿ, ಆಕೆಗೆ ಜ್ವರ ಬಂದಾಗ, ಅವನು ಆ ಮಾತನ್ನು ಆಡುತ್ತಾನೆ, ಆಡಿದ ಮೇಲೆ ಗೋಡೆಯ ಕಡೆ ತಿರುಗಿ ಮೊದಲ ಅಮ್ಮನ ಕ್ಷಮೆ ಕೇಳುತ್ತಾನೆ. ನೀವು ಕೇಳುತ್ತಿರುವುದು ಆ ಅಳುವಿನ ಕಾರಣವನ್ನು.