ಎಂಜಿನ್ ಆಮೇಲೆ ನೋಡೋಣ, ಮೊದಲು ಗಾಡಿ ಎತ್ತಿ

ಹಳೆಯ ಮೋವರ್ ನೋಡಿದವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಎಚ್‌ಪಿ ಐತ್ರಿ?" ಕುಳಿತು ಓಡಿಸುವ, ಹೊಟ್ಟೆಯ ಕೆಳಗೆ ಬ್ಲೇಡ್ ತಿರುಗುವ ಹುಲ್ಲು ಕತ್ತರಿಸುವ ಗಾಡಿಯ ಮಾತು ಇದು. ಕೊಳ್ಳಲು ಹೋದಾಗ ನಾನು ಎಚ್‌ಪಿ ವಿಚಾರ ಕೊನೆಗೆ ಎತ್ತುತ್ತೇನೆ. ಎಂಜಿನ್ ಸೀಜ್ ಆಗಿದೆ ಅಂದರೆ ಒಳಗೊಳಗೇ ಖುಷಿ. ಬೆಲೆ ಇಳಿಯುತ್ತದೆ ಅಲ್ವಾ.

ಬೆಳಗಾವಿಯಲ್ಲಿದ್ದುಕೊಂಡು ಎಂಜಿನ್‌ಗೆ ಯಾಕೆ ಹೆದರಬೇಕು? ನನ್ನ ವರ್ಕ್‌ಶಾಪ್ ಉದ್ಯಮಬಾಗ್‌ನಲ್ಲಿದೆ. ದಿನದ ಅನ್ನ ಪಂಪು ಮತ್ತು ಹೈಡ್ರಾಲಿಕ್ ಸಿಲಿಂಡರಿನಿಂದ. ಸುತ್ತಮುತ್ತ ಫೌಂಡ್ರಿ ಇದೆ, ಬೋರಿಂಗ್ ಮಾಡುವವರಿದ್ದಾರೆ, ಸ್ಲೀವ್ ಹಾಕುವವರಿದ್ದಾರೆ. ಪಿಸ್ಟನ್ ರಿಂಗ್ ಸಿಗದಿದ್ದರೆ ಯಾವ ಬೈಕಿನದು ಹತ್ತಿರದ ಅಳತೆಗೆ ಬರುತ್ತದೆ ಎಂದು ಕಣ್ಣಳತೆಯಲ್ಲೇ ಹೇಳುವ ಹಿರಿಯರೂ ಇದ್ದಾರೆ. ಆದರೆ ಹಿಂದಿನ ಗೇರ್‌ಬಾಕ್ಸ್ ಹೋದರೆ ಅಥವಾ ಬ್ಲೇಡ್ ಮುಚ್ಚುವ ಡೆಕ್ ತುಕ್ಕು ತಿಂದಿದ್ದರೆ ಇಡೀ ಊರು ಸುತ್ತಿದರೂ ಕೈಗೆ ಏನೂ ಹತ್ತುವುದಿಲ್ಲ.

ಈ ಗಾಡಿಗಳು ನಮ್ಮ ಕಡೆ ಎಲ್ಲಿ ಸಿಗುತ್ತವೆ ಎಂದು ಕೇಳುತ್ತೀರಿ. ದೊಡ್ಡ ಲಾನ್ ಇರುವ ಕಡೆ. ಸಕ್ಕರೆ ಕಾರ್ಖಾನೆಯ ಗೆಸ್ಟ್ ಹೌಸ್, ರೆಸಾರ್ಟ್, ದೊಡ್ಡ ಮೈದಾನದ ಕಾಲೇಜು. ಯಾರೋ ಉತ್ಸಾಹದಲ್ಲಿ ತರಿಸಿರುತ್ತಾರೆ. ಬೆಲ್ಟ್ ಹರಿದ ದಿನ ಗಾಡಿ ಜನರೇಟರ್ ಶೆಡ್ಡಿನ ಹಿಂದೆ ಸೇರುತ್ತದೆ. ಅಲ್ಲಿಂದ ಅದರ ಮುಂದಿನ ಪಯಣ ಗುಜರಿಗೇ, ತೂಕದ ಲೆಕ್ಕದಲ್ಲಿ. ಆದ್ದರಿಂದ ಗುಜರಿಯವರ ಜೊತೆ ಚಹಾದ ಸ್ನೇಹ ಇಟ್ಟುಕೊಂಡಿರಬೇಕು. ನನ್ನ ಮೊದಲ ಗಾಡಿ ಬಾಗಲಕೋಟೆ ಕಡೆಯ ಒಂದು ಸಕ್ಕರೆ ಕಾರ್ಖಾನೆಯದು. ಸೀಟಿನ ಸ್ಪಂಜಿನಲ್ಲಿ ಇಲಿ, ಎಂಜಿನ್ನಿನ ಗಾಳಿ ಹೊಡೆಯುವ ಕವಚದೊಳಗೆ ಇಲಿಯ ಗೂಡು. ಗಾಳಿಯಾಡದೆ ಬಿಸಿಯಾಗಿ ಎಂಜಿನ್ ಹಿಡಿದುಕೊಂಡಿತ್ತು. ಡೆಕ್ ಮಾತ್ರ ಹೊಸದರಂತಿತ್ತು. ಚೌಕಾಸಿಯನ್ನೇ ಮಾಡಲಿಲ್ಲ.

ನೋಡುವ ಕ್ರಮ ಹೇಳುತ್ತೇನೆ. ಜ್ಯಾಕ್ ಜೊತೆಗೆ ಒಯ್ಯಿರಿ. ಹಿಂದಿನ ಎರಡೂ ಚಕ್ರ ಎತ್ತಿ, ಗೇರಿನಲ್ಲಿ ಹಾಕಿ, ಒಂದನ್ನು ಮುಂದಕ್ಕೆ ತಿರುಗಿಸಿ. ಇನ್ನೊಂದು ಹಿಂದಕ್ಕೆ ತಿರುಗಿದರೆ ಡಿಫರೆನ್ಷಿಯಲ್, ಅಂದರೆ ತಿರುವಿನಲ್ಲಿ ಎರಡೂ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು, ಬದುಕಿದೆ. ಕಟಕಟ ಎಂದರೆ ಹಲ್ಲು ಹೋಗಿದೆ, ನಮಸ್ಕಾರ ಹೇಳಿ ಬನ್ನಿ. ಈ ಗಾಡಿಗಳಲ್ಲಿ ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಆಕ್ಸಲ್ ಮೂರೂ ಒಂದೇ ಅಲ್ಯೂಮಿನಿಯಂ ಡಬ್ಬಿಯಲ್ಲಿರುತ್ತವೆ. ಟ್ರಾನ್ಸ್‌ಆಕ್ಸಲ್ ಅನ್ನುತ್ತಾರೆ. ಹಳೆಯ ಹಲವು ಮಾದರಿಗಳಲ್ಲಿ ಒಳಗೆ ಎಣ್ಣೆಯ ಬದಲು ಗ್ರೀಸ್ ಇರುತ್ತದೆ. ಅದು ಒಣಗಿ ಗೋಡೆಗೆ ಅಂಟಿದ್ದರೆ ಗೇರುಗಳು ಗ್ರೀಸಿಲ್ಲದೆಯೇ ತಿರುಗುತ್ತವೆ. ಗೇರ್ ಬದಲಿಸುವ ಕೆಲಸವಿಲ್ಲದ, ಎಣ್ಣೆಯ ಒತ್ತಡದಲ್ಲಿ ಚಕ್ರ ತಿರುಗುವ ಹೈಡ್ರೋಸ್ಟ್ಯಾಟಿಕ್ ಗಾಡಿಯಾದರೆ ಪರೀಕ್ಷೆಗೆ ತಾಳ್ಮೆ ಬೇಕು. ತಣ್ಣಗಿದ್ದಾಗ ಎಲ್ಲವೂ ಏರು ಹತ್ತುತ್ತವೆ. ಅರ್ಧ ಗಂಟೆ ಓಡಿ ಎಣ್ಣೆ ಬಿಸಿಯಾಗಿ ತೆಳುವಾದ ಮೇಲೆ ಅದೇ ಏರಿನಲ್ಲಿ ನಿಂತುಬಿಟ್ಟರೆ ಒಳಗಿನ ಪಂಪು ಸವೆದಿದೆ ಎಂದೇ ಲೆಕ್ಕ. ಎಂಜಿನ್ ಓಡದ ಗಾಡಿಯಲ್ಲಿ ಇದನ್ನು ನೋಡುವುದು ಸಾಧ್ಯವಿಲ್ಲ. ಅದಕ್ಕೇ ಹೈಡ್ರೋಸ್ಟ್ಯಾಟಿಕ್ ನಾನು ಮುಟ್ಟುವುದು ಕಡಿಮೆ.

ಡೆಕ್‌ಗೆ ಸ್ಕ್ರೂಡ್ರೈವರ್ ಸಾಕು. ಕೆಳಗಿನಿಂದ ಒಣಗಿದ ಹುಲ್ಲು ಕೆರೆದು, ಬ್ಲೇಡ್ ತಿರುಗಿಸುವ ಸ್ಪಿಂಡಲ್ ಕೂರುವ ಜಾಗದ ಸುತ್ತ ಚುಚ್ಚಿ ನೋಡಿ. ತಗಡು ಒಳಗೆ ಹೋದರೆ ಬೇಡ. ಸ್ಪಿಂಡಲ್ ಅಲ್ಲಾಡಿದರೆ ಚಿಂತೆ ಇಲ್ಲ, ಹೆಚ್ಚಿನವುಗಳಲ್ಲಿ 6203 ಅಥವಾ 6204 ಬೇರಿಂಗ್ ಇರುತ್ತದೆ. ಫ್ಯಾನ್ ಮೋಟಾರಿನ ಅಂಗಡಿಯಲ್ಲೂ ಸಿಗುತ್ತದೆ.

ಇನ್ನು ಎಂಜಿನ್. ಒಂದು ಮಾತು ನೆನಪಿಡಿ: ಇವುಗಳಲ್ಲಿ ಹೆಚ್ಚಿನವುಗಳ ಕ್ರ್ಯಾಂಕ್ ಶಾಫ್ಟ್, ಅಂದರೆ ಎಂಜಿನ್ನಿನ ಶಕ್ತಿ ಹೊರಗೆ ಕೊಡುವ ದಂಡ, ನೆಲದ ಕಡೆಗೆ ನೆಟ್ಟಗೆ ನಿಂತಿರುತ್ತದೆ. ನಮ್ಮಲ್ಲಿ ಸಿಗುವ ಪಂಪ್‌ಸೆಟ್, ಟಿಲ್ಲರ್ ಎಂಜಿನ್‌ಗಳಲ್ಲಿ ಶಾಫ್ಟ್ ಅಡ್ಡ. "ಟಿಲ್ಲರ್ ಎಂಜಿನ್ ಕೂರಿಸಿಬಿಡ್ರಿ" ಎಂದು ಸಲಹೆ ಕೊಡುವವರು ಇದನ್ನು ನೋಡಿರುವುದಿಲ್ಲ. ಆದ್ದರಿಂದ ಇದ್ದ ಎಂಜಿನ್ನನ್ನೇ ಎಬ್ಬಿಸಬೇಕು. ನನ್ನದು ಬ್ರಿಗ್ಸ್ ಅಂಡ್ ಸ್ಟ್ರಾಟನ್ ಎಂಬ ಅಮೆರಿಕದ ಕಂಪನಿಯದು. ಸ್ಲೀವ್ ಹಾಕಿಸಿ, ವಾಲ್ವ್ ಉಜ್ಜಿ, ಪ್ಲಗ್ ಗ್ಯಾಪ್ 0.76 ಮಿಲಿಮೀಟರಿಗೆ ಇಟ್ಟೆ, ಹತ್ತಿಕೊಂಡಿತು.

ತಲೆನೋವು ಬಂದಿದ್ದು ಪೆಟ್ರೋಲಿನಿಂದ. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತದ್ದು. ಈ ಸಣ್ಣ ಎಂಜಿನ್‌ಗಳಿಗೆ ತಯಾರಕರು ಒಪ್ಪುವುದು ಶೇ 10ರವರೆಗೆ ಮಾತ್ರ. ಹಳೆಯ ರಬ್ಬರ್ ಪೈಪು ಉಬ್ಬುತ್ತದೆ, ಕಾರ್ಬೊರೇಟರ್ ಬಟ್ಟಲಿನ ತಳದಲ್ಲಿ ನೀರು ನಿಲ್ಲುತ್ತದೆ. ತಮಾಷೆ ನೋಡಿ, ಗಾಡಿ ಬಂದಿದ್ದು ಸಕ್ಕರೆ ಕಾರ್ಖಾನೆಯಿಂದ, ಅದರ ಪೈಪು ತಿನ್ನುತ್ತಿರುವುದು ಕಬ್ಬಿನಿಂದಲೂ ತಯಾರಾಗುವ ಎಥೆನಾಲ್. ನಾನು ಪೈಪು ಬದಲಿಸಿದೆ. ಕೆಲಸ ಮುಗಿದ ಮೇಲೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ತಾನಾಗಿ ಆರುವವರೆಗೆ ಎಂಜಿನ್ ಓಡಿಸುತ್ತೇನೆ. ಬಟ್ಟಲು ಒಣಗಿರಬೇಕು, ಅಷ್ಟೇ.

ಈ ಗಾಡಿ ಈಗ ಖಾನಾಪುರ ರಸ್ತೆಯ ನಮ್ಮ ಮಾವಿನ ತೋಟದಲ್ಲಿದೆ. ಆ ಕಡೆಯ ಮಳೆ ನಿಮಗೆ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋವರ್ ಇಳಿಸುವಂತಿಲ್ಲ, ಒದ್ದೆ ಹುಲ್ಲು ಡೆಕ್ಕಿನೊಳಗೆ ಮೆತ್ತಿಕೊಂಡು ಬೆಲ್ಟ್ ಸುಡುತ್ತದೆ. ದಸರಾ ಹೊತ್ತಿಗೆ ಹುಲ್ಲು ಮೊಣಕಾಲು ದಾಟಿರುತ್ತದೆ. ಅದಕ್ಕೆ ಡೆಕ್ ಎತ್ತರ 4 ಇಂಚಿಗೆ ಏರಿಸುವ ಹಾಗೆ ಕೊಂಡಿಗಳನ್ನು ಗಿಡ್ಡ ಮಾಡಿದೆ. ಜಂಬಿಟ್ಟಿಗೆ ಕಲ್ಲಿನ ತುಂಡುಗಳಿಂದ ಬ್ಲೇಡ್ ಉಳಿಯಬೇಕಲ್ಲ. ಮೊದಲ ಸುತ್ತು ನಿಧಾನಕ್ಕೆ, ಮೊದಲ ಗೇರಿನಲ್ಲೇ. ಕತ್ತರಿಸಿದ ಹುಲ್ಲು ಮರದ ಬುಡಕ್ಕೆ. ಹಿಂದೆ ಒಂದು ಕೊಕ್ಕೆ ಬೆಸುಗೆ ಹಾಕಿ ಸಣ್ಣ ಟ್ರಾಲಿ ಕಟ್ಟಿದ್ದೇನೆ, ಸೀಸನ್ನಿನಲ್ಲಿ ಮಾವಿನ ಕ್ರೇಟು ಅದರಲ್ಲೇ ಬರುತ್ತವೆ.

ಬ್ಲೇಡ್ ವಿಷಯದಲ್ಲಿ ಮಾತ್ರ ನಾನು ಜಗಳಗಂಟ. ಲಾರಿಯ ಪಾಟಾ, ಅಂದರೆ ಸ್ಪ್ರಿಂಗಿನ ಉಕ್ಕಿನ ಪಟ್ಟಿ, ಕತ್ತರಿಸಿ ಬ್ಲೇಡ್ ಮಾಡಿಕೊಡುವ ಜಾಣರು ಇಲ್ಲಿ ಬಹಳ. ಪಾಟಾ ಗಟ್ಟಿ ಹೌದು. ಆದರೆ ಬ್ಲೇಡ್ ಕಲ್ಲಿಗೆ ಬಡಿದಾಗ ಬಾಗಬೇಕು, ಮುರಿದು ಹಾರಬಾರದು. ಹದ ತಪ್ಪಿದ ಪಾಟಾ ಮುರಿಯುತ್ತದೆ. ಸುಮ್ನೆ ಹೆದರಿಸುತ್ತಿಲ್ಲ. ಅಮೆರಿಕದ ಸುರಕ್ಷತಾ ಮಾನದಂಡದ ಪ್ರಕಾರ ಬ್ಲೇಡಿನ ತುದಿ ನಿಮಿಷಕ್ಕೆ 19,000 ಅಡಿಗಿಂತ ಜಾಸ್ತಿ ಓಡಬಾರದು. ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 347 ಕಿಲೋಮೀಟರ್. ಮಾಮೂಲಿ ಮೋವರುಗಳ ಬ್ಲೇಡುಗಳೇ ಆ ಮಿತಿಯ ಹತ್ತಿರ ಓಡುತ್ತವೆ. ಆ ವೇಗದ ಕಬ್ಬಿಣದ ಚೂರು ಯಾರ ಕಾಲಿಗೆ ಬಂದರೂ ಕಷ್ಟ. ಬ್ಲೇಡ್ ಮಾತ್ರ ಕಂಪನಿಯದೇ ತರಿಸಿ, ಡೆಕ್ಕಿನ ಪುಲ್ಲಿಯ ಅಳತೆ ಬದಲಿಸಬೇಡಿ, ಬ್ಲೇಡಿನ ವೇಗ ಏರೀತು.

ಎರಡನೆಯ ಗಾಡಿ ಅಕ್ಕನ ಮಗನದು. ಅವನಿಗೆ ರೇಸು ಬೇಕು. ಜಾತ್ರೆಯ ಖಾಲಿ ಗಾಡಾ ಓಟ, ಟ್ರ್ಯಾಕ್ಟರ್ ರಿವರ್ಸ್ ಸ್ಪರ್ಧೆ ನೋಡಿ ಬೆಳೆದವನು, ಇದನ್ನು ಬಿಡುತ್ತಾನೆಯೇ? ಮೋವರ್ ರೇಸು ಹುಟ್ಟಿದ್ದು 1973ರಲ್ಲಿ, ಇಂಗ್ಲೆಂಡಿನ ವಿಸ್‌ಬರೋ ಗ್ರೀನ್ ಎಂಬ ಹಳ್ಳಿಯ ಒಂದು ಪಬ್‌ನಲ್ಲಿ. ಕಾರ್ ರೇಸಿನ ಖರ್ಚು ನೋಡಿ ಬೇಸತ್ತವರು, ಎಲ್ಲರ ಮನೆಯಲ್ಲೂ ಇರುವ ಯಂತ್ರವನ್ನೇ ಓಡಿಸೋಣ ಎಂದರಂತೆ. ಅಲ್ಲಿ ಇಂದಿಗೂ ಬಹುಮಾನದ ಹಣವಿಲ್ಲ, ಎಂಜಿನ್ ಮಾರ್ಪಾಡಿಗೆ ಅವಕಾಶವಿಲ್ಲ, ಬ್ಲೇಡ್ ಬಿಚ್ಚಲೇಬೇಕು. ಅವರ 12 ಗಂಟೆಯ ಓಟದಲ್ಲಿ ಫಾರ್ಮುಲಾ ಒನ್‌ನ ಸ್ಟರ್ಲಿಂಗ್ ಮಾಸ್ ಕೂಡ ಗೆದ್ದಿದ್ದಾರೆ.

ಹುಡುಗ ಬಂದವನೇ "ಗವರ್ನರ್ ಕಿತ್ತು ಬಿಡೋಣ ಮಾಮಾ" ಎಂದ. ಆಗುವುದಿಲ್ಲ ಎಂದೆ. ಗವರ್ನರ್ ಎಂಜಿನ್ನನ್ನು ನಿಮಿಷಕ್ಕೆ ಹೆಚ್ಚೆಂದರೆ 3,600 ಸುತ್ತಿಗೆ ಹಿಡಿದಿಡುತ್ತದೆ. ಒಳಗಿನ ಕನೆಕ್ಟಿಂಗ್ ರಾಡ್ ಅಲ್ಯೂಮಿನಿಯಂ. ಲಗಾಮು ಬಿಟ್ಟರೆ ರಾಡ್ ತುಂಡಾಗಿ ಬ್ಲಾಕ್ ಸೀಳಿಕೊಂಡು ಹೊರಗೆ ಬರುತ್ತದೆ. ವೇಗ ಬೇಕಾದರೆ ಪುಲ್ಲಿ ಬದಲಿಸಿದರೆ ಸಾಕು. ಅವನ ಗಾಡಿಯಲ್ಲಿ ಎಂಜಿನ್ ಪುಲ್ಲಿ 4 ಇಂಚು, ಟ್ರಾನ್ಸ್‌ಆಕ್ಸಲ್ ಪುಲ್ಲಿ 8 ಇಂಚು ಇತ್ತು. ಲೇತ್‌ನಲ್ಲಿ 6 ಮತ್ತು 4 ಇಂಚಿನವು ಮಾಡಿದೆವು. ಅದೇ ಸುತ್ತಿಗೆ ಮೂರು ಪಟ್ಟು ವೇಗ. ಗಂಟೆಗೆ 8 ಕಿಲೋಮೀಟರಿನ ಗಾಡಿ ಲೆಕ್ಕದಲ್ಲಿ 24ಕ್ಕೆ ಹೋಯಿತು. ನೆಲಕ್ಕೆ ಇಷ್ಟು ಹತ್ತಿರ ಕುಳಿತಾಗ 24 ಅನ್ನುವುದು ಸಣ್ಣ ವೇಗವಲ್ಲ.

ಹೆಚ್ಚು ಸಮಯ ಹಿಡಿದದ್ದು ನಿಲ್ಲಿಸುವ ಕೆಲಸ. ಮೂಲ ಬ್ರೇಕ್ ಟ್ರಾನ್ಸ್‌ಆಕ್ಸಲ್ ಪಕ್ಕದ ಒಂದು ಚಿಕ್ಕ ತಟ್ಟೆ, ನಡಿಗೆ ವೇಗಕ್ಕೆ ಮಾಡಿದ್ದು. ಹಳೆಯ ಬೈಕಿನ ಡಿಸ್ಕ್ ಮತ್ತು ಕ್ಯಾಲಿಪರ್ ತಂದು ಹಿಂದಿನ ಆಕ್ಸಲ್‌ಗೆ ಕೂರಿಸಿದೆವು. ಡೆಕ್ ಬಿಚ್ಚಿದ ಮೇಲೆ ಹೊಟ್ಟೆಯ ಜಾಗ ಖಾಲಿ, ಮುಂದಿನ ಆಕ್ಸಲ್ ಮತ್ತು ಸೀಟು ಎರಡನ್ನೂ ಕೆಳಗಿಳಿಸಿದೆವು. ಸ್ಟಿಯರಿಂಗ್‌ನ ಹಲ್ಲಿನ ಗೇರು ತೆಗೆದು, ಚಕ್ರ ತಿರುಗಿಸುವ ಸರಳು, ಅಂದರೆ ಟೈ ರಾಡ್ ಹಾಕಿದೆವು. ಸವಾರನ ಸೊಂಟಕ್ಕೆ ಕಟ್ಟುವ ಕಿಲ್ ಸ್ವಿಚ್ ಹಗ್ಗ ನನ್ನ ಷರತ್ತು. ಬಿದ್ದರೆ ಎಂಜಿನ್ ಆರಬೇಕು. ಕಳಚಿದ ಡೆಕ್ ಗೋಡೆಗೆ ಒರಗಿ ನಿಂತಿದೆ. ಅವನಿಗೆ ಅದು ಕಸ. ನಾನು ಮಾತ್ರ ಅದನ್ನು ಯಾರಿಗೂ ಕೊಡುವುದಿಲ್ಲ.

ಬೆಲ್ಟ್ ಬಗ್ಗೆ ಕೇಳುವವರಿಗೆ: ಪಂಪಿಗೆ ಹಾಕುವ ಎ ಸೆಕ್ಷನ್ (ಎ ಅಳತೆಯ) ಬೆಲ್ಟ್ ಇಲ್ಲೂ ಕೂರುತ್ತದೆ, ಆದರೆ ಬಾಳುವುದಿಲ್ಲ. ಈ ಗಾಡಿಗಳಲ್ಲಿ ಬೆಲ್ಟೇ ಕ್ಲಚ್. ಪೆಡಲ್ ಒತ್ತಿದಾಗಲೆಲ್ಲ ಅದು ಜಾರಬೇಕು, ಬಿಟ್ಟಾಗ ಹಿಡಿಯಬೇಕು. ಅರಾಮಿಡ್ ಎಂಬ ಗಟ್ಟಿ ನಾರಿನ ನೂಲಿನದು ತರಿಸಿ, ದುಬಾರಿ ನಿಜ. ಹಾಗೇ 42 ಇಂಚಿನ ಡೆಕ್ ಇರುವ ಗಾಡಿ ಯಾರದ್ದಾದರೂ ಹಿತ್ತಲಲ್ಲಿ ಬಿದ್ದಿದ್ದರೆ ತಿಳಿಸಿ. ಎಂಜಿನ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಇಲ್ಲದಿದ್ದರೆ ಬೆಲೆ ಕಡಿಮೆ ಹೇಳಿ.