ಮೇಷದ ಕಪ್ಪು ಮನುಷ್ಯ: ನನ್ನ ದ್ರೇಕ್ಕಾಣ ಪುಸ್ತಕ ಎಲ್ಲಿವರೆಗೆ ಬಂತು

ಫೆಬ್ರವರಿ 4

ಪುಸ್ತಕ ಹೊಲಿದು ಮುಗಿಸಿದೆ. ಜಲವರ್ಣ ತಡೆಯುವ ದಪ್ಪ ಕಾಗದ, 21 ದ್ರೇಕ್ಕಾಣಗಳ (ರಾಶಿಯ ಮೂರನೇ ಒಂದು ಪಾಲಿನ) ಚಿತ್ರಗಳಿಗೆ 21 ಜೋಡಿ ಪುಟ. ಎಡಗಡೆ ನಮ್ಮ ಹಳೆಯ ಜ್ಯೋತಿಷಿ ವರಾಹಮಿಹಿರನ ಶ್ಲೋಕ, ಅದರ ಕೆಳಗೆ ಕನ್ನಡ ಅರ್ಥ. ಬಲಗಡೆ ಇಟಲಿಯ ಗೋಡೆಯ ಚಿತ್ರ, ನನ್ನ ಕೈಗೆ ಬಂದ ಹಾಗೆ. ನಡುವೆ ಹೊಲಿಗೆಯ ಪಕ್ಕ ಸಣ್ಣ ಜಾಗ ಬಿಟ್ಟಿದ್ದೇನೆ. ಅದು ಬಾಗ್ದಾದಿನ ಜ್ಯೋತಿಷಿ ಅಬೂ ಮಅಶರ್‌ಗೆ. ಈ ಮೂವರನ್ನು ಒಂದೇ ಕಡೆ ಕೂರಿಸುವುದೇ ಈ ವರ್ಷದ ಕೆಲಸ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಇಟಲಿಯ ಫೆರಾರಾದಲ್ಲಿ ಸ್ಕಿಫನೋಯಾ ಎಂಬ ಅರಮನೆ ಇದೆ. ಹೆಸರಿನ ಅರ್ಥವೇ ಬೇಸರ ಓಡಿಸುವ ಮನೆ. ಎಸ್ಟೆ ಮನೆತನದ ದೊರೆ ಬೋರ್ಸೋ 1469–70ರ ಸುಮಾರಿಗೆ ಅಲ್ಲಿನ ದೊಡ್ಡ ಹಜಾರದ ಗೋಡೆಗಳ ಮೇಲೆ 12 ತಿಂಗಳ ಚಿತ್ರ ಬರೆಸಿದ. ಒಂದೊಂದು ತಿಂಗಳಿಗೂ ಮೂರು ಪಟ್ಟಿ. ಮೇಲಿನದರಲ್ಲಿ ರಥದ ಮೇಲೆ ಬರುವ ರೋಮನ್ ದೇವತೆಗಳು. ಕೆಳಗಿನದರಲ್ಲಿ ಬೋರ್ಸೋ ಮತ್ತು ಅವನ ಪರಿವಾರ. ನಡುವಿನ ಕಡು ಬಣ್ಣದ ಪಟ್ಟಿಯಲ್ಲಿ ಆ ತಿಂಗಳ ರಾಶಿ, ಜೊತೆಗೆ ಮೂವರು ವಿಚಿತ್ರ ಜನ. ಆಮೇಲೆ ಬಂದವರು ಗೋಡೆಗೆ ಸುಣ್ಣ ಬಳಿದರು. 19ನೇ ಶತಮಾನದಲ್ಲಿ ಸುಣ್ಣ ಕೆರೆದು ನೋಡಿದಾಗ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗಿನ ಏಳು ತಿಂಗಳು ಸಿಕ್ಕಿದವು. ಏಳು ಮೂರಲಿ 21. ನನ್ನ ಪುಟಗಳ ಲೆಕ್ಕ ಅಲ್ಲಿಂದ ಬಂದದ್ದು.

ನಡುವಿನ ಪಟ್ಟಿಯ ಆ ಜನ ಯಾರು? 1912ರಲ್ಲಿ ರೋಮ್‌ನಲ್ಲಿ ನಡೆದ ಕಲಾ ಇತಿಹಾಸದ ಸಮ್ಮೇಳನದಲ್ಲಿ ಜರ್ಮನಿಯ ಕಲಾ ಇತಿಹಾಸಕಾರ ಆಬಿ ವಾರ್‌ಬುರ್ಗ್ ಉತ್ತರ ಕೊಟ್ಟರು. ಅವರು ದ್ರೇಕ್ಕಾಣಗಳು. ಅವರ ರೂಪ ಬಂದದ್ದು ವರಾಹಮಿಹಿರನ ಜ್ಯೋತಿಷ ಗ್ರಂಥ ಬೃಹಜ್ಜಾತಕದಿಂದ, ಅಬೂ ಮಅಶರ್ ಮೂಲಕ. ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಕೆಳಗಿಟ್ಟು ಸುಮ್ನೆ ಕೂತುಬಿಟ್ಟಿದ್ದೆ.

ಜಾತಕ ಬಲ್ಲವರಿಗೆ ಗೊತ್ತಿರುತ್ತೆ, ರಾಶಿಯ 30 ಡಿಗ್ರಿಯನ್ನು ಹತ್ತು ಹತ್ತಾಗಿ ಮೂರು ಪಾಲು ಮಾಡಿದರೆ ಒಂದೊಂದು ಪಾಲೂ ಒಂದು ದ್ರೇಕ್ಕಾಣ. 12 ರಾಶಿಗೆ 36. ಹುಟ್ಟಿದ್ದು ಈಜಿಪ್ಟಿನಲ್ಲಿ, ರಾತ್ರಿಯ ಹೊತ್ತು ಅಳೆಯುವ 36 ನಕ್ಷತ್ರ ಗುಂಪುಗಳಾಗಿ. ಗ್ರೀಕರು ಹತ್ತರ ಲೆಕ್ಕದಲ್ಲಿ ಡೆಕಾನೋಸ್ ಅಂದರು. ಅದೇ ಮಾತು ನಮ್ಮಲ್ಲಿ ದ್ರೇಕ್ಕಾಣ ಆಯಿತು.

ಫೆಬ್ರವರಿ 19

ಮೊದಲ ಪುಟದಲ್ಲೇ ಎರಡು ವಾರ ನಿಂತೆ. ಕಾರಣ ಒಂದು ಹಗ್ಗ.

ಫೆರಾರಾದ ಮೇಷದ ಮೊದಲ ದ್ರೇಕ್ಕಾಣ ಒಬ್ಬ ಕಪ್ಪು ಮನುಷ್ಯ. ಹರಿದ ಬಿಳಿ ಬಟ್ಟೆ ತೊಟ್ಟಿದ್ದಾನೆ. ಸೊಂಟಕ್ಕೆ ಹಗ್ಗ ಬಿಗಿದಿದ್ದಾನೆ, ಅದರ ತುದಿ ಕೈಯಲ್ಲಿದೆ. ವರಾಹಮಿಹಿರನ ಶ್ಲೋಕದಲ್ಲೂ ಮನುಷ್ಯ ಕಪ್ಪಗಿದ್ದಾನೆ, ಕಣ್ಣು ಕೆಂಪು, ಕಾಯಲು ನಿಂತವನಂತೆ ಕಾಣುತ್ತಾನೆ. ಆದರೆ ಅವನ ಕೈಯಲ್ಲಿರುವುದು ಎತ್ತಿದ ಕೊಡಲಿ. ಹಗ್ಗದ ಸುದ್ದಿಯೇ ಇಲ್ಲ.

ನಡುವಿನವನನ್ನು ಕೇಳಿದೆ. ಅಬೂ ಮಅಶರ್ 9ನೇ ಶತಮಾನದವನು, ಬಾಲ್ಖ್‌ನಲ್ಲಿ ಹುಟ್ಟಿ ಬಾಗ್ದಾದಿನಲ್ಲಿ ಹೆಸರು ಮಾಡಿದವನು. ಅವನ ದೊಡ್ಡ ಗ್ರಂಥದಲ್ಲಿ ಒಂದೊಂದು ದ್ರೇಕ್ಕಾಣಕ್ಕೂ ಪರ್ಷಿಯದವರ ರೂಪ, ಭಾರತದವರ ರೂಪ, ಗ್ರೀಕರ ರೂಪ ಮೂರನ್ನೂ ಕೊಡುತ್ತಾನೆ. ಮೇಷದ ಮೊದಲನೆಯದಕ್ಕೆ ಭಾರತದವರು ಹೇಳುವುದು ಹೀಗೆ ಅನ್ನುತ್ತಾನೆ: ಕಪ್ಪು ಮನುಷ್ಯ, ಕೆಂಪು ಕಣ್ಣು, ದೊಡ್ಡ ಮೈಕಟ್ಟು, ಸಿಟ್ಟು, ಬಿಳಿ ಉಡುಪು, ನಡುವಿಗೆ ಕಟ್ಟಿದ ಹಗ್ಗ. ಇಲ್ಲಿಗೆ ಬರುವಾಗಲೇ ಕೊಡಲಿ ಹೋಗಿ ಹಗ್ಗ ಬಂದಿದೆ. ಹೇಗೆ?

ಶನಿವಾರ ದೊಡ್ಡಪ್ಪ ಬಂದಿದ್ದರು. ಸಂಸ್ಕೃತ ಬಲ್ಲವರು. ಬೃಹಜ್ಜಾತಕದ 27ನೇ ಅಧ್ಯಾಯ ತೆಗೆದು ಮುಂದಿಟ್ಟೆ. ಕನ್ನಡಕ ಏರಿಸಿ ರಾಗವಾಗಿ ಓದಿದರು. "ಕಟ್ಯಾಂ ಸಿತವಸ್ತ್ರವೇಷ್ಟಿತಃ."

"ಹಾಗಂದ್ರೆ, ದೊಡ್ಡಪ್ಪ?"

"ಸೊಂಟಕ್ಕೆ ಬಿಳಿ ಬಟ್ಟೆ ಸುತ್ತಿಕೊಂಡವನು. ಪಂಚೆ ಕಣೋ, ಇನ್ನೇನು?"

ಫೆರಾರಾದ ಚಿತ್ರ ತೋರಿಸಿದೆ. ತುಂಬಾ ಹೊತ್ತು ನೋಡಿದರು. ಆಮೇಲೆ ಎದ್ದು ನಿಂತು ತಮ್ಮ ಪಂಚೆ ಸಡಿಲಿಸಿ ಮತ್ತೆ ಬಿಗಿಯಾಗಿ ಸುತ್ತಿದರು. ಅಂಚನ್ನು ಸೊಂಟದ ಸುತ್ತ ಸುರುಳಿ ಮಾಡಿ ಮಡಚಿದರು. ನಾನು ಬಾಗಿಲ ಹತ್ತಿರ ಹೋಗಿ ನಿಂತು ನೋಡಿದೆ. ದೂರಕ್ಕೆ ಆ ಸುರುಳಿ ಹುರಿ ಹೊಸೆದ ಹಗ್ಗದ ಹಾಗೇ ಇತ್ತು.

ನನ್ನ ಊಹೆ ಇದು: ಸುತ್ತಿ ಉಡುವುದನ್ನು ನೋಡದವರಿಗೆ, ಬಟ್ಟೆ ಸೊಂಟದಲ್ಲಿ ನಿಲ್ಲಬೇಕಾದರೆ ಏನಾದರೂ ಕಟ್ಟಲೇಬೇಕು ಅನ್ನಿಸುತ್ತೆ ಅಲ್ವಾ? ಅನುವಾದದಲ್ಲಿ ಒಂದು ಹಗ್ಗ ಸೇರಿಕೊಂಡಿತು. ಅಬೂ ಮಅಶರ್‌ನ ಗ್ರಂಥ 12ನೇ ಶತಮಾನದಲ್ಲಿ ಲ್ಯಾಟಿನ್‌ಗೆ ಬಂತು, ಹಗ್ಗವೂ ಜೊತೆಗೆ ಬಂತು. ಚಿತ್ರಕಾರ ಆ ಹಗ್ಗವನ್ನು ಗೋಡೆಯ ಮೇಲೆ ಬರೆದ. ನಮ್ಮ ಪಂಚೆ ಫೆರಾರಾ ಮುಟ್ಟುವಾಗ ಹಗ್ಗ ಬಿಗಿದ ಅಂಗಿಯಾಗಿತ್ತು.

ಕೊಡಲಿ ಪೂರ್ತಿ ಕಳೆದುಹೋಗಲಿಲ್ಲ. 1705ರಲ್ಲಿ ರೋಮ್‌ನ ಅವೆಂಟೀನ್ ಗುಡ್ಡದಲ್ಲಿ ಒಂದು ಹಳೆಯ ಕಲ್ಲು ಫಲಕದ ಚೂರುಗಳು ಸಿಕ್ಕವು. ಈಗ ಪ್ಯಾರಿಸ್‌ನ ಲೂವ್ರ್‌ನಲ್ಲಿವೆ. ಅದರಲ್ಲೂ ದ್ರೇಕ್ಕಾಣಗಳಿವೆ, ಮೇಷದ ಮೊದಲನೆಯವನ ಕೈಯಲ್ಲಿ ಎರಡಲಗಿನ ಕೊಡಲಿ ಇದೆ. ಹಾಗಾಗಿ ನನ್ನ ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ಒಂದು ಕೊಡಲಿ ಬರೆದಿದ್ದೇನೆ.

ಮಾರ್ಚ್ 15

ಮೇಷದ ಮೂರೂ ಮುಗಿದವು. ಎರಡನೆಯದು ಕೆಂಪು ಬಟ್ಟೆಯ ಹೆಂಗಸು. ವರಾಹಮಿಹಿರ ಅವಳಿಗೆ ಕುದುರೆ ಮುಖ, ಗಡಿಗೆಯಂಥ ಮೈ, ಬಾಯಾರಿಕೆ, ಒಂದೇ ಕಾಲು ಕೊಟ್ಟಿದ್ದಾನೆ. ಫೆರಾರಾಕ್ಕೆ ಬರುವಾಗ ಕುದುರೆ ಮುಖ ಹೋಗಿ ಅವಳು ಚೆಂದದ ಹೆಣ್ಣಾಗಿದ್ದಾಳೆ. ಕಾಲು ಮಾತ್ರ ಒಂದೇ ಕಾಣುತ್ತೆ. ಸಾವಿರ ವರ್ಷ ಒಂದು ಕಾಲನ್ನು ಯಾರೂ ಬಿಟ್ಟಿಲ್ಲ.

ಆ ಶ್ಲೋಕದ ಕೊನೆಯಲ್ಲಿ ನನಗೆ ತುಂಬಾ ಇಷ್ಟವಾದ ಮಾತಿದೆ: "ಯವನೋಪದಿಷ್ಟಂ". ಯವನರು, ಅಂದರೆ ಗ್ರೀಕರು ಹೇಳಿಕೊಟ್ಟದ್ದು ಅಂತ. ಎಲ್ಲಿಂದ ಕಲಿತೆ ಅನ್ನುವುದನ್ನು ವರಾಹಮಿಹಿರ ಮುಚ್ಚಿಡಲಿಲ್ಲ. "ಎಲ್ಲವೂ ನಮ್ಮದೇ" ಅನ್ನುವವರಿಗೂ "ಎಲ್ಲವೂ ಅವರದೇ" ಅನ್ನುವವರಿಗೂ ಈ ಒಂದು ಪದ ತೋರಿಸುತ್ತೇನೆ.

ಮೂರನೆಯವನ ಕೈಯಲ್ಲಿ ಶ್ಲೋಕದ ಪ್ರಕಾರ ದೊಣ್ಣೆ. ಅಬೂ ಮಅಶರ್ ಜೊತೆಗೊಂದು ಮರದ ಕಡಗ ಸೇರಿಸುತ್ತಾನೆ. ಫೆರಾರಾದಲ್ಲಿ ಬಾಣ ಮತ್ತು ಬಳೆ ಹಿಡಿದ ಹುಡುಗ. ಇಲ್ಲಿ ಜಾಸ್ತಿ ಒದ್ದಾಡಲಿಲ್ಲ, ಎರಡೇ ಸಂಜೆ.

ಏಪ್ರಿಲ್ 12

ಈ ತಿಂಗಳು ಬಣ್ಣ ಮುಟ್ಟಿಲ್ಲ. ಫಿಚೀನೋ ಓದುತ್ತಿದ್ದೆ. ಗೋಡೆಯ ಚಿತ್ರ ಬರೆದ ಕಾಲದ ಜನ ಇಂಥ ರೂಪಗಳನ್ನು ಏನೆಂದು ನಂಬಿದ್ದರು ಅಂತ ತಿಳಿಯದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ಮಾರ್ಸೀಲಿಯೋ ಫಿಚೀನೋ ಫ್ಲಾರೆನ್ಸ್‌ನವನು, 1433ರಲ್ಲಿ ಹುಟ್ಟಿದವನು, ವೈದ್ಯನ ಮಗ. ಪ್ಲೇಟೋನನ್ನು ಲ್ಯಾಟಿನ್‌ಗೆ ತಂದವನು ಇವನೇ. ಪ್ಲೇಟೋ ಕೆಲಸ ಪಕ್ಕಕ್ಕಿಟ್ಟು ಮೊದಲು ಹರ್ಮಿಸ್ ಎಂಬ ಪುರಾಣದ ಜ್ಞಾನಿಯ ಹೆಸರಿನ ಗ್ರಂಥ ಅನುವಾದಿಸು ಅಂತ ಫ್ಲಾರೆನ್ಸ್‌ನ ಪ್ರಬಲ ಧನಿಕ ಕೋಸಿಮೋ ಮೆಡಿಚಿ ಹೇಳಿದ. ಕೋಸಿಮೋಗೆ ವಯಸ್ಸಾಗಿತ್ತು, ಅದು ಪ್ಲೇಟೋಗಿಂತಲೂ ಎಷ್ಟೋ ಹಳೆಯ ಈಜಿಪ್ಟಿನ ಜ್ಞಾನ ಎಂದು ಆಗ ನಂಬಿದ್ದರು. ನಿಜದಲ್ಲಿ ಅದು ಕ್ರಿಸ್ತಶಕದ ಮೊದಲ ಶತಮಾನಗಳ ಬರಹ. 1614ರಲ್ಲಿ ವಿದ್ವಾಂಸ ಐಸಾಕ್ ಕಸೋಬೋನ್ ಅದರ ಗ್ರೀಕ್ ಭಾಷೆ ನೋಡಿಯೇ ಇದನ್ನು ತೋರಿಸಿದ.

1489ರಲ್ಲಿ ಬಂದ ಫಿಚೀನೋನ ಮೂರು ಭಾಗದ ಆರೋಗ್ಯ ಗ್ರಂಥ ಸದಾ ಓದಿನಲ್ಲೇ ಮುಳುಗಿರುವವರಿಗಾಗಿ ಬರೆದದ್ದು. ಅವನ ಜಾತಕದಲ್ಲಿ ಲಗ್ನದಲ್ಲೇ ಶನಿ. ಮನಸ್ಸು ಭಾರವಾಗುವುದು ಅವನಿಗೆ ಸ್ವಂತ ಅನುಭವ. ಅದಕ್ಕೆ ಅವನು ಹೇಳುವ ಮದ್ದು: ಹಸಿರಿನ ನಡುವೆ ನಡಿಗೆ, ಬಿಸಿಲು, ಸುವಾಸನೆ, ಸ್ವಲ್ಪ ದ್ರಾಕ್ಷಾರಸ, ಮತ್ತೆ ಸಂಗೀತ. ತಾನೇ ಲೈರ್ ಎಂಬ ತಂತಿವಾದ್ಯ ನುಡಿಸಿಕೊಂಡು ಹಳೆಯ ಸ್ತೋತ್ರ ಹಾಡುತ್ತಿದ್ದ. ಲೋಕವೆಲ್ಲ ಒಂದೇ ಜೀವ, ಆಕಾಶದ ಉಸಿರು ಹೂವಿನಲ್ಲೂ ಕಲ್ಲಿನಲ್ಲೂ ರಾಗದಲ್ಲೂ ಓಡಾಡುತ್ತೆ, ಸೂರ್ಯನ ಗುಣದ್ದನ್ನು ಹತ್ತಿರ ಇಟ್ಟುಕೊಂಡರೆ ಸೂರ್ಯನ ಬಲ ಬರುತ್ತೆ ಅನ್ನುವುದು ಅವನ ನಂಬಿಕೆ. ಇವನ ಮಾಂತ್ರಿಕತೆ ಎಂದರೆ ಹೆಚ್ಚು ಕಡಿಮೆ ಇಷ್ಟೇ. ಓದುತ್ತಾ ಈ ಮನುಷ್ಯನ ಮೇಲೆ ಪ್ರೀತಿ ಹುಟ್ಟಿತು.

ಗ್ರಹಗಳ ಚಿತ್ರ ಕೆತ್ತಿದ ತಾಯಿತದ ವಿಷಯಕ್ಕೆ ಬಂದಾಗ ಮಾತ್ರ ಅವನು ಅಳುಕುತ್ತಾನೆ. ಇದು ಹಿಂದಿನವರ ಮಾತು, ನಾನು ಹೇಳುತ್ತಿದ್ದೇನೆ ಅಷ್ಟೇ ಅನ್ನುತ್ತಾನೆ. ಚಿತ್ರಕ್ಕಿಂತ ಔಷಧಿಯನ್ನೇ ಜಾಸ್ತಿ ನಂಬುತ್ತಾನೆ. ಚರ್ಚಿನ ಭಯವೂ ಇತ್ತು, ಕೊನೆಯಲ್ಲಿ ತನ್ನ ಪರವಾಗಿ ಒಂದು ಸಮರ್ಥನೆ ಸೇರಿಸಿದ. ಅವನ ಗೆಳೆಯ, ತತ್ವಜ್ಞಾನಿ ಪೀಕೋ ಜ್ಯೋತಿಷದ ವಿರುದ್ಧ 12 ಭಾಗದ ದೊಡ್ಡ ಗ್ರಂಥವನ್ನೇ ಬರೆದ. ಪೀಕೋ ತೀರಿಕೊಂಡ ಮೇಲೆ 1496ರಲ್ಲಿ ಅದು ಅಚ್ಚಾಯಿತು.

ಫಿಚೀನೋನ ಗ್ರಂಥದ ಮೂರನೇ ಭಾಗದಲ್ಲಿ ನನ್ನ ಕೆಲಸಕ್ಕೆ ಬೇಕಾದ ಒಂದು ಸಾಲು ಸಿಕ್ಕಿತು. ಕನ್ಯಾ ರಾಶಿಯ ಮೊದಲ ದ್ರೇಕ್ಕಾಣ: ಚೆಂದದ ಹುಡುಗಿ ಕೂತಿದ್ದಾಳೆ, ಕೈಯಲ್ಲಿ ಎರಡು ತೆನೆ, ಮಗುವಿಗೆ ಹಾಲು ಕುಡಿಸುತ್ತಿದ್ದಾಳೆ. ಇಂಥ ರೂಪಗಳನ್ನು ಹೇಳುವಾಗ ಫಿಚೀನೋ ಭಾರತೀಯರ ಹೆಸರನ್ನೂ ತೆಗೆಯುತ್ತಾನೆ. ಕುತೂಹಲದಿಂದ ನಮ್ಮ ಶ್ಲೋಕ ನೋಡಿದೆ. ಅಲ್ಲಿ ಮಗು ಇಲ್ಲ. ಕೊಳೆಯಾದ ಬಟ್ಟೆ ಉಟ್ಟ ಹುಡುಗಿ, ಹೂ ತುಂಬಿದ ಕೊಡ ಹಿಡಿದು ಗುರುವಿನ ಮನೆಗೆ ಹೋಗಬೇಕೆಂದು ಆಸೆಪಡುತ್ತಾಳೆ. ತೆನೆ, ಮಗು ಎರಡೂ ಇರುವುದು ಅಬೂ ಮಅಶರ್ ಹೇಳುವ ಪರ್ಷಿಯದ ರೂಪದಲ್ಲಿ. ಅಕ್ಕಪಕ್ಕದಲ್ಲಿ ಬರೆದದ್ದು ಕೈ ದಾಟುವಾಗ ಒಂದರ ಹೆಸರು ಇನ್ನೊಂದಕ್ಕೆ ಅಂಟಿಕೊಂಡಿದೆ.

ಮೇ 3

ಮತ್ತೆ ಬಣ್ಣ. ಗೋಡೆಯ ಮಾರ್ಚ್, ಏಪ್ರಿಲ್, ಮೇ ಮೂರೂ ತಿಂಗಳು ಚಿತ್ರಕಾರ ಫ್ರಾಂಚೆಸ್ಕೋ ದೆಲ್ ಕೋಸ್ಸಾನ ಕೆಲಸ. 1470ರ ಮಾರ್ಚ್ 25ರಂದು ಅವನು ಬೋರ್ಸೋಗೆ ಬರೆದ ಪತ್ರ ಉಳಿದಿದೆ. ಮಾಮೂಲಿ ಕೆಲಸದವರಿಗೆ ಕೊಟ್ಟಷ್ಟೇ ನನಗೂ ಕೊಟ್ಟರೆ ಹೇಗೆ ಅಂತ ಕೇಳಿದ್ದಾನೆ. ದೊರೆ ಜಾಸ್ತಿ ಕೊಡಲಿಲ್ಲ. ಕೋಸ್ಸಾ ಊರು ಬಿಟ್ಟು ಬೊಲೋನ್ಯಾಗೆ ಹೋದ. ಆ ಕಪ್ಪು ಮನುಷ್ಯನ ಹರಿದ ತೋಳಿನ ಒಂದೊಂದು ನೂಲನ್ನೂ ನಕಲು ಮಾಡಲು ನನಗೆ ಮೂರು ಸಂಜೆ ಹಿಡಿಯಿತು. ಆ ಕೈಗೆ ಎಷ್ಟು ಕೊಟ್ಟರೂ ಕಡಿಮೆಯೇ.

ಈಗ 21ರಲ್ಲಿ ಏಳು ಆಗಿವೆ. ಸಾಲಾಗಿ ಹೋಗುವುದು ಬಿಟ್ಟು ಮುಂದೆ ನೇರ ಕನ್ಯಾ ರಾಶಿಗೆ ಹಾರುತ್ತೇನೆ. ಆ ಹುಡುಗಿಯ ಎಡ ಪುಟ ನಿನ್ನೆ ಬರೆದೆ. ಕೊಡದಲ್ಲಿ ಯಾವ ಹೂ ಅಂತ ಶ್ಲೋಕ ಹೇಳುವುದಿಲ್ಲ. ದೊಡ್ಡಪ್ಪನಿಗೆ ಫೋನ್ ಮಾಡಿದೆ. "ನಂದಿಬಟ್ಟಲು ಹಾಕು, ಬಿಳಿ ಎದ್ದು ಕಾಣುತ್ತೆ" ಅಂದರು. ಬೆಳಿಗ್ಗೆ ಹಿತ್ತಲಿಂದ ನಾಲ್ಕು ಕಿತ್ತು ತಂದು ಮೇಜಿನ ಮೇಲೆ ನೀರಿನಲ್ಲಿ ಇಟ್ಟಿದ್ದೇನೆ.